ನಾಯಿಗಳ ಅಕ್ಯುಪಂಕ್ಚರ್: ಇತಿಹಾಸ

ಕೀಲುನೋವು, ಕುಂಟು, ಬೆನ್ನುಹುರಿಯ ತೊಂದರೆಯಿಂದ ಹಿಂಗಾಲು ಸೋಲುವುದು ಮುಂತಾದ ಬಾಧೆಗಳಿರುವ ನಾಯಿಗಳಿಗೆ ಮೈಮೇಲಿನ ಗೊತ್ತಾದ ಬಿಂದುಗಳಲ್ಲಿ ಸಣ್ಣ ಸೂಜಿ ಚುಚ್ಚಿ ಶಮನ ನೀಡಲೆತ್ನಿಸುವ ಪಶುಚಿಕಿತ್ಸೆ. ಸೂಜಿಗಳಿಗೆ ತಂತಿ ಜೋಡಿಸಿ ಮಂದ ವಿದ್ಯುತ್ ಹರಿಸುವುದೂ ಬಿಂದುಗಳಲ್ಲಿ ಚಿನ್ನದ ಚೂರುಗಳನ್ನು ಹುದುಗಿಸುವುದೂ ಇದರ ಬಗೆಗಳು. ಜನಪ್ರಿಯ ಬರಹಗಳು ಈ ಚಿಕಿತ್ಸೆಗೆ ಮೂರು ಸಾವಿರ ವರ್ಷಗಳ ವಯಸ್ಸು ಹೇಳುತ್ತವೆ. ಆದರೆ ನಾಯಿಯ ಮಟ್ಟಿಗೆ ಖಚಿತ ದಾಖಲೆಗಳ ಸರಣಿ ಶುರುವಾಗುವುದು 1970ರ ದಶಕದಲ್ಲಿ, ಅದೂ ಚೀನದಲ್ಲಲ್ಲ, ಅಮೆರಿಕದಲ್ಲಿ.

ಪ್ರಾಚೀನತೆಯ ವಾದಕ್ಕೆ ಸಾಮಾನ್ಯವಾಗಿ ಎರಡು ಆಧಾರಗಳನ್ನು ಕೊಡುತ್ತಾರೆ. ಮೊದಲನೆಯದು ಬೋ ಲೆ. ಕ್ರಿಸ್ತಪೂರ್ವ 7ನೆಯ ಶತಮಾನದಲ್ಲಿ ಚಿನ್ ರಾಜ್ಯದ ದೊರೆ ಮೂನ ಆಸ್ಥಾನದಲ್ಲಿದ್ದ ಅಶ್ವಪರೀಕ್ಷಕನೆಂದು ಈತ ಹೆಸರುವಾಸಿ. ಇವನ ಹೆಸರಿನಲ್ಲಿ ಒಂದು ಸೂಜಿಶಾಸ್ತ್ರವಿದೆ. ಅದು ನಮಗೆ ದೊರೆತಿರುವುದು ತಾಂಗ್ ಕಾಲದಲ್ಲಿ ಲಿ ಶಿ ಸಂಕಲಿಸಿದನೆನ್ನುವ ಕುದುರೆ ವೈದ್ಯಗ್ರಂಥದ ಭಾಗವಾಗಿ, ಎಂದರೆ ಬೋ ಲೆಯ ಕಾಲಕ್ಕೆ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ. ಚೀನದ ಪಶುವೈದ್ಯದಲ್ಲಿ ಅತ್ಯಂತ ಹೆಚ್ಚು ಬಳಕೆಯಾದ ಗ್ರಂಥ 1608ರದು, ಯೂ ಸಹೋದರರು ಬರೆದ 'ಯುವಾನ್ ಹೆಂಗ್ ಲಿಯಾವ್ ಮಾ ಜಿ'. ಅದರ ವಿಷಯ ಕುದುರೆ, ದನ ಮತ್ತು ಒಂಟೆ. ಸೈನ್ಯ, ಬೇಸಾಯ, ಸಾಗಾಟ ಯಾವ ಪ್ರಾಣಿಗಳ ಮೇಲೆ ನಿಂತಿದ್ದವೋ ಅವುಗಳಿಗೆ ಶಾಸ್ತ್ರ ಹುಟ್ಟಿತು. ಕನ್ನಡದಲ್ಲೂ ಹಾಗೆಯೇ ಆಗಿದೆ: 12ನೆಯ ಶತಮಾನದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ ಬರೆದದ್ದು 'ಗೋವೈದ್ಯ'.

ಇನ್ನೂ ದೊಡ್ಡ ಗೊಂದಲವಿರುವುದು ಆ ಹಳೆಯ ಗ್ರಂಥಗಳ ಸೂಜಿ ಯಾವುದು ಎಂಬುದರಲ್ಲಿ. ಅಮೆರಿಕದ ಪಶುವೈದ್ಯ ಡೇವಿಡ್ ರೇಮಿ ಮತ್ತು ಇತಿಹಾಸಕಾರ ಪಾಲ್ ಬ್ಯುಯೆಲ್ 2000ದ ದಶಕದ ಆರಂಭದಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಇದನ್ನು ಕೆದಕಿದರು. ಕುದುರೆ ಗ್ರಂಥಗಳ ಚಿತ್ರಗಳಲ್ಲಿ ಗುರುತಿಸಿರುವ ಅನೇಕ ಜಾಗಗಳು ರಕ್ತ ಹರಿಸಲು, ಕೀವು ಬಿಡಿಸಲು, ಬರೆ ಹಾಕಲು ಗೊತ್ತುಮಾಡಿದವು, ಬಳಸುತ್ತಿದ್ದ ಉಪಕರಣಗಳಲ್ಲಿ ಅಲಗುಳ್ಳವೂ ಕಾಯಿಸಿದವೂ ಇದ್ದವು, ಇವನ್ನೆಲ್ಲ ಇಂದಿನ ಕೂದಲೆಳೆಯಂಥ ಸೂಜಿಯ ಪೂರ್ವಜರೆಂದು ಓದುವುದು ತಪ್ಪು ಎಂಬುದು ಅವರ ವಾದ. ಚಿಕಿತ್ಸಕರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ರಕ್ತ ತೆಗೆಯುವ ಬಿಂದುಗಳೂ ಅಕ್ಯುಪಂಕ್ಚರ್ ಪರಂಪರೆಯ ಅಂಗವೇ ಎಂದು ಅವರ ಉತ್ತರ. ವಾದ ಮುಗಿದಿಲ್ಲ. ಆದರೆ ಯಾರ ಪಕ್ಷ ಹಿಡಿದರೂ ಆ ಚಿತ್ರಗಳಲ್ಲಿರುವುದು ಕುದುರೆ ಎಂಬುದು ಬದಲಾಗುವುದಿಲ್ಲ.

ಎರಡನೆಯ ಆಧಾರ ಆನೆ. ಭಾರತ ಮತ್ತು ಶ್ರೀಲಂಕಾದಲ್ಲಿ ಆನೆಗಳಿಗೆ ಅಕ್ಯುಪಂಕ್ಚರ್ ಬಿಂದುಗಳ ಪ್ರಾಚೀನ ಪಟವಿತ್ತು ಎಂಬ ಮಾತು ಪಾಶ್ಚಾತ್ಯ ಪಠ್ಯಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗಿಬಂದಿದೆ. ಪಾಲಕಾಪ್ಯನ 'ಹಸ್ತ್ಯಾಯುರ್ವೇದ'ದಂಥ ಗಜವೈದ್ಯ ಗ್ರಂಥಗಳೂ ಆನೆಯ ಮರ್ಮಸ್ಥಾನಗಳ ತಿಳಿವಳಿಕೆಯೂ ನಿಜವೇ. ಆದರೆ ಮಾವುತ ಅಂಕುಶ ಒತ್ತುವ ಸ್ಥಾನಗಳು ಆನೆಯನ್ನು ನಡೆಸಲು, ಕೂರಿಸಲು, ತಡೆಯಲು ಇರುವವು. ಅವನ್ನು ನೋವು ನೀಗುವ ಬಿಂದುಗಳೆಂದು ಕರೆಯಲು ಬೇರೆ ಪುರಾವೆ ಬೇಕು.

ಯುರೋಪಿನ ಅಧ್ಯಾಯ ಚಿಕ್ಕದು. 1810ರ ಸುಮಾರಿಗೆ ಫ್ರಾನ್ಸಿನ ವೈದ್ಯ ಲೂಯಿ ಬೆರ್ಲಿಯೋಜ್ ಮನುಷ್ಯರ ಮೇಲೆ ಸೂಜಿ ಪ್ರಯೋಗಿಸಿದ. 1820ರ ದಶಕದಲ್ಲಿ ಅಲ್ಲಿನ ಪಶುವೈದ್ಯರೂ ಪ್ರಯತ್ನಿಸಿ ಕೈಬಿಟ್ಟರು. 20ನೆಯ ಶತಮಾನದ ನಡುವಿನಲ್ಲಿ ಆಸ್ಟ್ರಿಯದ ಓಸ್ವಾಲ್ಡ್ ಕೋಟ್‌ಬೌವರ್ ಹಸುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು.

1971ರ ಜುಲೈನಲ್ಲಿ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆ ಮಾಡಿಸಿಕೊಂಡ ಅನುಭವವನ್ನು 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದರು. ಅವರಿಗೆ ಸೂಜಿಯಿಂದಲೇ ಅರಿವಳಿಕೆ ಕೊಟ್ಟಿದ್ದರೆಂದು ಇಂದಿಗೂ ಹೇಳುವುದುಂಟು. ವಾಸ್ತವದಲ್ಲಿ ಶಸ್ತ್ರಕ್ರಿಯೆ ನಡೆದದ್ದು ರೂಢಿಯ ಅರಿವಳಿಕೆ ಔಷಧಗಳಿಂದ. ಸೂಜಿ ಚುಚ್ಚಿದ್ದು ಆಮೇಲೆ ಬಂದ ಹೊಟ್ಟೆಯ ಬಾಧೆಗೆ. ಮರುವರ್ಷ ಅಧ್ಯಕ್ಷ ನಿಕ್ಸನ್ ಚೀನಕ್ಕೆ ಹೋಗಿಬಂದ ಮೇಲೆ ಅಮೆರಿಕದಲ್ಲಿ ಕುತೂಹಲ ಭುಗಿಲೆದ್ದಿತು. ಇದೇ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ ಚೀನೀ ಗುರುವೊಬ್ಬರ ಬಳಿ ಕಲಿತಿದ್ದ ಯುವಕರ ಗುಂಪೊಂದು ಪಶುವೈದ್ಯರ ಜೊತೆ ಸೇರಿ ನಾಯಿಗಳಿಗೆ ಚಿಕಿತ್ಸೆ ಆರಂಭಿಸಿತು. ಜೀನ್ ಬ್ರೂನೊ, ಜಾನ್ ಒಟ್ಟಾವಿಯಾನೊ ಈ ಗುಂಪಿನವರು. ಇವರು ಮನುಷ್ಯರಿಗೆ ಸೂಜಿ ಚುಚ್ಚುವುದನ್ನು ಕಲಿತವರೇ ಹೊರತು ಪಶುವೈದ್ಯರಲ್ಲ. 1974ರಲ್ಲಿ ಪಶುವೈದ್ಯರು ಸೇರಿ ಅಂತರರಾಷ್ಟ್ರೀಯ ಪಶು ಅಕ್ಯುಪಂಕ್ಚರ್ ಸಂಘವನ್ನು ಕಟ್ಟಿದರು. 1977ರಲ್ಲಿ ಅಲನ್ ಕ್ಲೈಡ್ ಮತ್ತು ಶಿಯು ಕುಂಗ್ ಬರೆದ 'ವೆಟರಿನರಿ ಅಕ್ಯುಪಂಕ್ಚರ್' ಪುಸ್ತಕವನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದಿತು. ಈ ಚಿಕಿತ್ಸೆಯ ಇತಿಹಾಸದಲ್ಲಿ ತಿರುವು ಎನ್ನಬಹುದಾದದ್ದು ಈ ಏಳೆಂಟು ವರ್ಷಗಳೇ.

ಇಂದು ಬಳಕೆಯಲ್ಲಿರುವ ನಾಯಿಯ ಬಿಂದುಪಟ ಬಹುಮಟ್ಟಿಗೆ ಆ ಕಾಲದ ಕೆಲಸ. ಮನುಷ್ಯನ ದೇಹದ ಬಿಂದುಗಳನ್ನು ಸಾಲಾಗಿ ಜೋಡಿಸುವ ನಾಡಿರೇಖೆಗಳನ್ನು ನಾಯಿಯ ದೇಹದ ಮೇಲೆ ಅಂಗರಚನೆಯ ಹೋಲಿಕೆ ಹಿಡಿದು ಎಳೆಯಲಾಯಿತು. ಹೋಲಿಕೆ ಎಲ್ಲ ಕಡೆ ಸಲೀಸಾಗಿ ಕೂರಲಿಲ್ಲ. ಮನುಷ್ಯನಿಗೆ ಎದೆಭಾಗದಲ್ಲಿ 12, ಸೊಂಟದಲ್ಲಿ 5 ಕಶೇರುಗಳು. ನಾಯಿಗೆ 13 ಮತ್ತು 7. ಹೀಗಾಗಿ ಬೆನ್ನುದ್ದಕ್ಕೂ ಇರುವ ಬಿಂದುಗಳನ್ನು ಎಲ್ಲಿಂದ ಎಣಿಸಬೇಕೆಂಬುದೇ ಚರ್ಚೆಯಾಯಿತು. ಮನುಷ್ಯನಲ್ಲಿ ಯಕೃತ್ತು ಮತ್ತು ಗುಲ್ಮದ ರೇಖೆಗಳು ಕಾಲಿನ ಹೆಬ್ಬೆರಳಿನಿಂದ ಹೊರಡುತ್ತವೆ, ಬಹುಪಾಲು ನಾಯಿಗಳ ಹಿಂಗಾಲಿನಲ್ಲಿ ಆ ಬೆರಳೇ ಇಲ್ಲ. ಬಾಯ್‌ಹುಯಿ ಎಂಬ ಬಿಂದು ಮನುಷ್ಯನಲ್ಲಿ ನಡುನೆತ್ತಿಯ ಮೇಲಿದೆ. ಪ್ರಾಣಿಗಳ ಪಟದಲ್ಲಿ ಅದೇ ಹೆಸರಿನ ಬಿಂದು ಸೊಂಟ ಮತ್ತು ತ್ರಿಕಾಸ್ಥಿ ಕೂಡುವ ಕುಳಿಯಲ್ಲಿದೆ. ಹಿಂಗಾಲು ಸೋತ ನಾಯಿಗೆ ಮೊದಲು ಸೂಜಿ ಬೀಳುವುದು ಹೆಚ್ಚಾಗಿ ಇಲ್ಲಿಯೇ. ಕುದುರೆಯ ಪರಂಪರೆ ಮತ್ತು ಮನುಷ್ಯನ ಪರಂಪರೆ ಎರಡೂ ಒಂದೇ ಪಟದಲ್ಲಿ ಬೆರೆತಿರುವುದಕ್ಕೆ ಇದು ಸ್ಪಷ್ಟ ಗುರುತು.

ಚಿನ್ನ ಹುದುಗಿಸುವ ವಿಧಾನವೂ 1970ರ ದಶಕದ ಅಮೆರಿಕದ್ದೇ. ಗ್ರೇಡಿ ಯಂಗ್ ಆರಂಭಿಸಿದ ಇದನ್ನು ಟೆರಿ ಡರ್ಕಸ್ ಪ್ರಚಾರಕ್ಕೆ ತಂದರು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ನಂಥ ತಳಿಗಳಲ್ಲಿ ಸಾಮಾನ್ಯವಾದ ಸೊಂಟದ ಕೀಲಿನ ಬೆಳವಣಿಗೆಯ ದೋಷಕ್ಕೆ ಕೀಲಿನ ಸುತ್ತ ಚಿನ್ನದ ಮಣಿ ಅಥವಾ ತಂತಿಯ ತುಂಡು ಸೇರಿಸುತ್ತಾರೆ. ಇದರ ಬಗ್ಗೆ ಎರಡು ಒಳ್ಳೆಯ ಪರೀಕ್ಷೆಗಳು ನಡೆದು ಒಂದಕ್ಕೊಂದು ವಿರುದ್ಧವಾದ ಫಲ ಬಂದಿದೆ. 2001ರಲ್ಲಿ ಫಿನ್ಲೆಂಡಿನ ಹೀಲ್ಮ್-ಬ್ಯೋರ್ಕ್‌ಮನ್ ತಂಡ 38 ನಾಯಿಗಳಲ್ಲಿ ಅರ್ಧಕ್ಕೆ ಚಿನ್ನ ಹಾಕಿ, ಉಳಿದರ್ಧಕ್ಕೆ ಚರ್ಮವನ್ನಷ್ಟೇ ಚುಚ್ಚಿ ನೋಡಿತು. ಎರಡೂ ಗುಂಪುಗಳ ನಡುವೆ ಎಣಿಕೆಗೆ ಬರುವಂಥ ಅಂತರ ಕಾಣಲಿಲ್ಲ. 2006ರಲ್ಲಿ ನಾರ್ವೆಯ ಯೇಗರ್ ತಂಡ 78 ನಾಯಿಗಳನ್ನು ಆರು ತಿಂಗಳು ಗಮನಿಸಿ, ಚಿನ್ನದ ಗುಂಪಿನಲ್ಲಿ ನೋವಿನ ಲಕ್ಷಣಗಳು ಹೆಚ್ಚು ತಗ್ಗಿದುವೆಂದು ವರದಿ ಮಾಡಿತು. ಎರಡರಲ್ಲಿ ಒಂದನ್ನೇ ಎತ್ತಿ ಹೇಳುವ ಬರಹಗಳೇ ಹೆಚ್ಚಾಗಿರುವುದು ದುರದೃಷ್ಟಕರ.

ಬೆನ್ನುಮೂಳೆಯ ಡಿಸ್ಕ್ ಜಾರಿ ಕಾಲು ಸೋಲುವ ಕಾಯಿಲೆಯಲ್ಲಿ ದಾಖಲೆ ಹೆಚ್ಚು ಆಶಾದಾಯಕ. ಉದ್ದ ಬೆನ್ನಿನ ಡ್ಯಾಶ್‌ಹುಂಡ್‌ಗಳಿಗೆ ಇದು ತೀರ ಸಾಮಾನ್ಯ. ಬೆಲ್ಜಿಯಂನ ಲುಕ್ ಜಾನ್ಸೆನ್ಸ್ 1980ರ ದಶಕದಲ್ಲೇ ಇಂಥ ನಾಯಿಗಳ ವಿವರ ಪ್ರಕಟಿಸಿದ್ದರು. 2007ರಲ್ಲಿ ಬ್ರೆಜಿಲ್‌ನಲ್ಲಿ 50 ನಾಯಿಗಳ ಅಧ್ಯಯನ ನಡೆಯಿತು. ಔಷಧದ ಜೊತೆ ವಿದ್ಯುತ್ ಅಕ್ಯುಪಂಕ್ಚರ್ ಪಡೆದವು ಔಷಧ ಮಾತ್ರ ಪಡೆದವುಗಳಿಗಿಂತ ಬೇಗ ನಡೆದಾಡಿದವು. 2010ರಲ್ಲಿ ಅದೇ ದೇಶದ ಜೊವಾಕಿಂ ತಂಡ 40 ನಾಯಿಗಳ ವರದಿ ಕೊಟ್ಟಿತು: ವಿದ್ಯುತ್ ಅಕ್ಯುಪಂಕ್ಚರ್ ಪಡೆದ 19ರಲ್ಲಿ 15, ಶಸ್ತ್ರಕ್ರಿಯೆ ಆದ 10ರಲ್ಲಿ 4, ಎರಡೂ ಪಡೆದ 11ರಲ್ಲಿ 8 ಚೇತರಿಸಿಕೊಂಡವು. ಆದರೆ ಶಸ್ತ್ರಕ್ರಿಯೆಯ ಗುಂಪನ್ನು ಹಳೆಯ ಕಡತಗಳಿಂದ ಆಯ್ದಿದ್ದರು, ಚೀಟಿ ಎತ್ತಿ ಹಂಚಿದ್ದಲ್ಲ. ಎಲ್ಲವೂ 48 ಗಂಟೆಗಿಂತ ಹೆಚ್ಚು ಕಾಲ ತೀವ್ರ ನರದೋಷದಲ್ಲಿದ್ದ ನಾಯಿಗಳು. ಆದ್ದರಿಂದ ಈಗಷ್ಟೇ ಕಾಲು ಬಿದ್ದ ನಾಯಿಗೆ ಶಸ್ತ್ರಕ್ರಿಯೆ ಬೇಡ ಎನ್ನಲು ಈ ಅಂಕಿಗಳನ್ನು ಬಳಸುವಂತಿಲ್ಲ. ಬೆರಳು ಹಿಚುಕಿದರೂ ನೋವಿನ ಅರಿವಿಲ್ಲದ ಸ್ಥಿತಿಯಲ್ಲಿ ಕಾಯುವ ಪ್ರತಿ ಗಂಟೆಯೂ ಅಪಾಯವೆಂದೇ ಶಸ್ತ್ರವೈದ್ಯರು ಪರಿಗಣಿಸುತ್ತಾರೆ.

ಕೀಲು ಸವೆತದ ವಿಷಯಕ್ಕೆ ಬಂದರೆ ಚಿತ್ರ ಮಸುಕು. ಇಲ್ಲಿ ಅಳೆಯುವವರು ಯಾರು ಎಂಬುದರ ಮೇಲೆ ಫಲ ಬದಲಾಗುತ್ತದೆ. 2006ರಲ್ಲಿ ಮೊಣಕೈ ಕೀಲು ಸವೆದ 9 ನಾಯಿಗಳನ್ನು, ಪ್ರತಿ ಹೆಜ್ಜೆಯ ಭಾರ ಅಳೆಯುವ ಹಲಗೆಯ ಮೇಲೆ ನಡೆಸಿ ನೋಡಿದಾಗ ವಿದ್ಯುತ್ ಅಕ್ಯುಪಂಕ್ಚರಿನಿಂದ ವ್ಯತ್ಯಾಸ ಕಾಣಲಿಲ್ಲ. 2016ರ ಬ್ರೆಜಿಲ್ ಅಧ್ಯಯನದಲ್ಲಿ ಮಾಲೀಕರು ತಮ್ಮ ನಾಯಿಗೆ ನೋವು ತಗ್ಗಿದೆ ಎಂದರು, ಹಲಗೆಯ ಅಳತೆ ಮಾತ್ರ ಅದನ್ನು ತೋರಿಸಲಿಲ್ಲ. 2020ರ ಅಮೆರಿಕದ ಪರೀಕ್ಷೆಯಲ್ಲಿ 32 ನಾಯಿಗಳಿದ್ದವು. ಮಾಲೀಕರಿಗೂ ಪರೀಕ್ಷಕರಿಗೂ ಗುಟ್ಟು ತಿಳಿಸದೆ ನಡೆಸಿದ ಅದರಲ್ಲೂ ಅಕ್ಯುಪಂಕ್ಚರ್ ಮತ್ತು ಹುಸಿ ಚಿಕಿತ್ಸೆಗಳ ನಡುವೆ ಗಣನೀಯ ಅಂತರ ಸಿಗಲಿಲ್ಲ.

ನಾಯಿಗೆ ನಂಬಿಕೆಯ ಹಂಗಿಲ್ಲ, ಆದ್ದರಿಂದ ಹುಸಿ ಚಿಕಿತ್ಸೆಯ ಪರಿಣಾಮ ಅದಕ್ಕೆ ಅನ್ವಯಿಸದು ಎಂಬ ಮಾತು ಚಿಕಿತ್ಸಕರ ಬಾಯಲ್ಲಿ ಮೊದಲಿಂದಲೂ ಇದೆ. 2012ರಲ್ಲಿ ಕಾನ್ಜೆಮಿಯಸ್ ಮತ್ತು ಇವಾನ್ಸ್ ಇದನ್ನು ಪರೀಕ್ಷೆಗೆ ಒಡ್ಡಿದರು. ಹುಸಿ ಮದ್ದು ಪಡೆದ 58 ಕುಂಟುನಾಯಿಗಳ ವಿಷಯದಲ್ಲಿ ಮಾಲೀಕರು ಸುಮಾರು 40%, ವೈದ್ಯರು ಸುಮಾರು 45% ಸಂದರ್ಭಗಳಲ್ಲಿ ಇಲ್ಲದ ಸುಧಾರಣೆಯನ್ನು ಕಂಡಿದ್ದರು. ನಂಬುವುದು ನಾಯಿಯಲ್ಲ, ನೋಡುವವರು. ಕ್ಲಿನಿಕ್ ಅನುಭವವನ್ನಷ್ಟೇ ಆಧರಿಸಿದ 1970–80ರ ದಶಕಗಳ ವರದಿಗಳನ್ನೆಲ್ಲ ಈ ಬೆಳಕಿನಲ್ಲಿ ಮತ್ತೆ ಓದಬೇಕಾಯಿತು. ಔಷಧ ಪರೀಕ್ಷೆಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ.

ಸೂಜಿಗೆ ದೇಹ ಪ್ರತಿಕ್ರಿಯಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. 1976ರಲ್ಲಿ ಪೋಮರೆನ್ಜ್ ಮತ್ತು ಚಿಯು ಇಲಿಗಳಲ್ಲಿ ಸೂಜಿಯ ನೋವುಶಮನವನ್ನು, ಅಫೀಮು ಬಗೆಯ ವಸ್ತುಗಳ ಪರಿಣಾಮ ಅಳಿಸುವ ನಾಲೊಕ್ಸೋನ್ ಎಂಬ ಔಷಧ ತಡೆಯುತ್ತದೆಂದು ತೋರಿಸಿದರು. ದೇಹದೊಳಗಿನ ಎಂಡಾರ್ಫಿನ್‌ಗಳ ಪಾತ್ರಕ್ಕೆ ಅದು ಸುಳಿವು. 2010ರಲ್ಲಿ ಅಡೆನೊಸಿನ್ ಎಂಬ ರಾಸಾಯನಿಕದ ಪಾತ್ರವೂ ಇಲಿಗಳಲ್ಲೇ ಗೊತ್ತಾಯಿತು.

ಮಾನ್ಯತೆಯ ವಿಷಯದಲ್ಲಿ ದೇಶಕ್ಕೊಂದು ರೀತಿ. ಬ್ರಿಟನ್ನಿನಲ್ಲಿ 1966ರ ಪಶುವೈದ್ಯ ಕಾಯಿದೆಯಂತೆ ಪ್ರಾಣಿಗಳಿಗೆ ಸೂಜಿ ಚುಚ್ಚುವ ಅಧಿಕಾರ ಪಶುವೈದ್ಯರದು ಮಾತ್ರ. ಅಮೆರಿಕದ ಪಶುವೈದ್ಯ ಸಂಘ 1988ರಲ್ಲಿ ಇದನ್ನು ಸ್ವೀಕಾರಾರ್ಹ ವಿಧಾನವೆಂದಿತು, 1996ರ ಮಾರ್ಗಸೂಚಿಯಲ್ಲಿ ಪಶುವೈದ್ಯದ ಅವಿಭಾಜ್ಯ ಭಾಗವೆಂದಿತು. 2006ರಲ್ಲಿ ಹಾಬಾಕರ್, ಪಿಟ್ಲರ್, ಅರ್ನ್ಸ್ಟ್ ನಡೆಸಿದ ಸಮೀಕ್ಷೆ ಮಾತ್ರ ಇದನ್ನು ಶಿಫಾರಸು ಮಾಡಲೂ ತಳ್ಳಿಹಾಕಲೂ ಸಾಕಷ್ಟು ಪುರಾವೆಯಿಲ್ಲ ಎಂದಿತು. ತರಬೇತಿಯಲ್ಲೂ ಎರಡು ಪಂಥಗಳಾಗಿವೆ. 1998ರಲ್ಲಿ ಫ್ಲಾರಿಡಾದಲ್ಲಿ ಹುಯಿಶೆಂಗ್ ಶಿಯೆ ಸ್ಥಾಪಿಸಿದ ಚಿ ಸಂಸ್ಥೆ ಚೀನೀ ವೈದ್ಯದ ಪರಿಭಾಷೆಯಲ್ಲೇ ಕಲಿಸುತ್ತದೆ. ಕೊಲರಾಡೊದ ನಾರ್ಡಾ ರಾಬಿನ್ಸನ್ ನರ ಮತ್ತು ಸ್ನಾಯುಗಳ ರಚನೆಯಿಂದಲೇ ಬಿಂದುಗಳನ್ನು ವಿವರಿಸುತ್ತಾರೆ. ನೋವಿರುವ ಲ್ಯಾಬ್ರಡಾರ್‌ನ ಸೊಂಟಕ್ಕೆ ಇಬ್ಬರ ಶಿಷ್ಯರೂ ಸೂಜಿ ಹಾಕುವ ಜಾಗ ಬಹಳಷ್ಟು ಸಲ ಒಂದೇ ಆಗಿರುತ್ತದೆ.