ಉಬ್ಬಸಕ್ಕೂ ವಿಟಮಿನ್ ಡಿಗೂ ಏನು ನಂಟು?

ವಿಟಮಿನ್ ಡಿ ಕಡಿಮೆಯಾದರೆ ಉಬ್ಬಸ ಹೆಚ್ಚುತ್ತದೆ ಎಂಬ ಮಾತು ಈಗ ಮನೆಮನೆಗೂ ತಲುಪಿದೆ. ಆದರೆ ಈ ನಂಟಿನ ಬಗ್ಗೆ ವೈದ್ಯಲೋಕದಲ್ಲಿ ಆರಂಭದಲ್ಲಿ ಎದ್ದ ವಾದ ಇದಕ್ಕೆ ಪೂರ್ತಿ ತದ್ವಿರುದ್ಧವಾಗಿತ್ತು. ಎಳೆ ಮಕ್ಕಳ ಮೂಳೆ ಸೊಟ್ಟಗಾಗದಿರಲೆಂದು ಕೊಡುವ ವಿಟಮಿನ್ ಡಿ ಹನಿಗಳೇ ಅಲರ್ಜಿ ಹೆಚ್ಚಲು ಕಾರಣವಿರಬಹುದು ಎಂದು 1999ರಲ್ಲಿ ಜರ್ಮನಿಯ ಇಬ್ಬರು ಸಂಶೋಧಕರು ಶಂಕಿಸಿದರು.

ಆ ಶಂಕೆಗೆ ಬಲ ಬಂದದ್ದು ಫಿನ್ಲೆಂಡಿನಿಂದ. ಚಳಿಗಾಲದಲ್ಲಿ ಬಿಸಿಲೇ ಅಪರೂಪವಾದ ಆ ದೇಶದಲ್ಲಿ 1960ರ ದಶಕದಲ್ಲಿ ಕೂಸುಗಳಿಗೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಕೊಡಬೇಕೆಂಬ ಸಲಹೆಯಿತ್ತು. ಈಗ ಸಾಮಾನ್ಯವಾಗಿ ಹೇಳುವ 400 ಯೂನಿಟ್ಟಿನ ಐದು ಪಟ್ಟು ಅದು. ದೇಶದ ಉತ್ತರ ಭಾಗದಲ್ಲಿ 1966ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಬೆಳೆದು ದೊಡ್ಡವರಾಗುವವರೆಗೂ ಗಮನಿಸಲಾಯಿತು. 31ನೆಯ ವಯಸ್ಸಿನಲ್ಲಿ ನೋಡಿದಾಗ, ಕೂಸಾಗಿದ್ದಾಗ ತಪ್ಪದೆ ಹನಿ ಹಾಕಿಸಿಕೊಂಡವರಲ್ಲೇ ಅಲರ್ಜಿಯೂ ಅಸ್ತಮಾವೂ ಹೆಚ್ಚಿದ್ದವು. ಈ ಫಲಿತಾಂಶ ಹೊರಬಂದದ್ದು 2004ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಇದೇ ಗುಂಪಿನ ಅಧ್ಯಯನ, ಹನಿ ಪಡೆದ ಮಕ್ಕಳಿಗೆ ಟೈಪ್ 1 ಸಕ್ಕರೆ ಕಾಯಿಲೆ ಕಡಿಮೆ ಎಂದು ತೋರಿಸಿತ್ತು. ಒಂದೇ ಹನಿ ಒಂದು ರೋಗವನ್ನು ತಡೆದು ಇನ್ನೊಂದನ್ನು ತಂದಿತೇ? ಆ ಪ್ರಶ್ನೆ ಪಕ್ವವಾಗುವ ಮೊದಲೇ ಗಾಳಿ ತಿರುಗಿತು.

2007ರಲ್ಲಿ ಬಾಸ್ಟನ್‌ನ ಆಗಸ್ಟೊ ಲಿಟೊಂಜುವಾ ಮತ್ತು ಸ್ಕಾಟ್ ವೈಸ್ ಹೊಸ ವಾದ ಮುಂದಿಟ್ಟರು. ಜನ ಬಿಸಿಲು ಬಿಟ್ಟು ಒಳಗೆ ಸೇರಿದರು, ಮೈಯಲ್ಲಿ ವಿಟಮಿನ್ ಡಿ ಇಳಿಯಿತು, ಅಸ್ತಮಾ ಏರಿತು ಎಂಬುದು ಅದರ ತಿರುಳು. ಅದೇ ವರ್ಷ ಮಸಾಚುಸೆಟ್ಸ್‌ನಿಂದಲೂ ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದಲೂ ವರದಿಗಳು ಬಂದವು: ಗರ್ಭಿಣಿಯಾಗಿದ್ದಾಗ ಆಹಾರದಲ್ಲಿ ಹೆಚ್ಚು ವಿಟಮಿನ್ ಡಿ ಸೇವಿಸಿದ ತಾಯಂದಿರ ಮಕ್ಕಳಿಗೆ ಗೊರಗೊರ ಕಡಿಮೆ. 2009ರಲ್ಲಿ ಕೋಸ್ಟರಿಕದ ಅಧ್ಯಯನ ಪ್ರಕಟವಾಯಿತು. ಭೂಮಧ್ಯರೇಖೆಗೆ ಹತ್ತಿರದ ಆ ನಾಡಿನಲ್ಲೂ ಅಸ್ತಮಾ ಇದ್ದ 616 ಮಕ್ಕಳಲ್ಲಿ ಶೇ. 28ರಷ್ಟು ಮಕ್ಕಳ ವಿಟಮಿನ್ ಡಿ ಮಟ್ಟ ಮಿಲಿಲೀಟರಿಗೆ 30 ನ್ಯಾನೊಗ್ರಾಂಗಿಂತ ಕೆಳಗಿತ್ತು. ಮಟ್ಟ ಇಳಿದಷ್ಟೂ ಆಸ್ಪತ್ರೆ ಸೇರುವ ಸಂಭವ ಹೆಚ್ಚಿತ್ತು.

ಪ್ರಯೋಗಾಲಯದ ಸಾಕ್ಷ್ಯ ಇನ್ನೂ ಆಕರ್ಷಕ. ಸ್ಟೀರಾಯ್ಡ್‌ಗೆ ಬಗ್ಗದ ಅಸ್ತಮಾ ಇರುವವರ ರಕ್ತದಿಂದ ಟಿ ಕೋಶಗಳನ್ನು ತೆಗೆದು ಲಂಡನ್ನಿನ ವಿಜ್ಞಾನಿಗಳು ವಿಟಮಿನ್ ಡಿ ಜೊತೆ ಬೆಳೆಸಿದರು. ಉರಿಯೂತ ತಗ್ಗಿಸುವ ಇಂಟರ್ಲ್ಯೂಕಿನ್-10 ಎಂಬ ವಸ್ತುವನ್ನು ಆ ಕೋಶಗಳು ಸ್ಟೀರಾಯ್ಡ್ ಹಾಕಿದಾಗ ಮತ್ತೆ ತಯಾರಿಸತೊಡಗಿದವು. ಶ್ವಾಸನಾಳ ಊದಿಕೊಂಡು ಕಿರಿದಾಗುವ ಕಾಯಿಲೆಗೆ ಇದಕ್ಕಿಂತ ಒಪ್ಪುವ ಕಥೆ ಸಿಗುವುದು ಕಷ್ಟ. ಇಷ್ಟು ಚೆನ್ನಾಗಿ ಹೊಂದಿಕೊಂಡದ್ದರಿಂದಲೇ ಜನ ಬೇಗ ನಂಬಿದರು ಅನಿಸುತ್ತದೆ.

ಒಂದು ಸರಳ ಸಂಗತಿ ಮಾತ್ರ ಹಿಂದೆ ಉಳಿಯಿತು. ಓಡಿದರೆ ದಮ್ಮು ಕಟ್ಟುವ ಮಗು ಬಿಸಿಲಲ್ಲಿ ಆಡುವುದಿಲ್ಲ. ಮನೆಯವರೂ ಧೂಳಿಗೆ ಹೆದರಿ ಹೊರಗೆ ಬಿಡುವುದಿಲ್ಲ. ಹಾಗಾದರೆ ವಿಟಮಿನ್ ಕಡಿಮೆಯಾದದ್ದರಿಂದ ಉಬ್ಬಸ ಬಂತೋ, ಉಬ್ಬಸದಿಂದಲೇ ವಿಟಮಿನ್ ಕಡಿಮೆಯಾಯಿತೋ? ಬೊಜ್ಜು ಇದ್ದರೂ ರಕ್ತದಲ್ಲಿ ಈ ವಿಟಮಿನ್ ಇಳಿಯುತ್ತದೆ. ಬೊಜ್ಜಿದ್ದವರಲ್ಲಿ ಅಸ್ತಮಾವೂ ಹೆಚ್ಚು. ನಮ್ಮಲ್ಲೂ ಇಂಥ ಜೋಡಿ ಅಂಕಿಗಳಿವೆ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ನೋಡಿ ದಾಖಲಿಸಿದಂತೆ ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಗರ್ಭಿಣಿಯರ ಅಧ್ಯಯನದಲ್ಲಿ ಶೇ. 66ರಷ್ಟು ಮಂದಿಯ ವಿಟಮಿನ್ ಡಿ 20 ನ್ಯಾನೊಗ್ರಾಂಗಿಂತ ಕಡಿಮೆ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಕಾರಣ-ಪರಿಣಾಮ ಎನ್ನಲು ಮನಸ್ಸಾಗುತ್ತದೆ. ಆದರೆ ಅದೇ ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನ ವಾಹನ, ಹೊಗೆ, ಧೂಳು ಎಷ್ಟು ಏರಿದವು ಎಂಬುದೂ ಲೆಕ್ಕಕ್ಕೆ ಬರಬೇಕು.

ಉತ್ತರ ಬೇಕಿದ್ದರೆ ಒಂದು ಗುಂಪಿಗೆ ವಿಟಮಿನ್, ಇನ್ನೊಂದಕ್ಕೆ ಬರೀ ಹುಸಿ ಮಾತ್ರೆ ಅಥವಾ ಕನಿಷ್ಠ ಪ್ರಮಾಣ ಕೊಟ್ಟೇ ನೋಡಬೇಕಿತ್ತು. ಲಿಟೊಂಜುವಾ ಮತ್ತು ವೈಸ್ ತಮ್ಮ ವಾದವನ್ನು ತಾವೇ ಪರೀಕ್ಷೆಗೆ ಒಡ್ಡಿದರು, ಇದು ಮೆಚ್ಚತಕ್ಕದ್ದು. 876 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 4,400 ಯೂನಿಟ್, ಉಳಿದವರಿಗೆ 400. ಮಕ್ಕಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಅಸ್ತಮಾ ಅಥವಾ ಪದೇಪದೇ ಗೊರಗೊರ ಮೊದಲ ಗುಂಪಿನಲ್ಲಿ ಶೇ. 24.3, ಎರಡನೆಯದರಲ್ಲಿ ಶೇ. 30.4. ಸಂಖ್ಯಾಶಾಸ್ತ್ರದ ಗೆರೆ ಕೂದಲೆಳೆಯಲ್ಲಿ ತಪ್ಪಿತು. 2020ರಲ್ಲಿ ಆ ಮಕ್ಕಳ ಆರನೆಯ ವರ್ಷದ ಫಲಿತಾಂಶ ಬಂದಾಗ ಆ ವ್ಯತ್ಯಾಸವೂ ಅಳಿಸಿಹೋಗಿತ್ತು. ಅದೇ ವರ್ಷ, ಅಸ್ತಮಾ ಇದ್ದು ವಿಟಮಿನ್ ಡಿ ಕಡಿಮೆ ಇದ್ದ 192 ಮಕ್ಕಳಿಗೆ ದಿನಕ್ಕೆ 4,000 ಯೂನಿಟ್ ಅಥವಾ ಹುಸಿ ಮಾತ್ರೆ ಕೊಟ್ಟ ಅಮೆರಿಕದ ಇನ್ನೊಂದು ಪ್ರಯೋಗದ ವರದಿಯೂ ಬಂತು. ಉಪಯೋಗ ಕಾಣದೆ ಅದನ್ನು ನಡುವೆಯೇ ನಿಲ್ಲಿಸಲಾಗಿತ್ತು. ದೆಹಲಿಯ ಏಮ್ಸ್‌ನಲ್ಲೂ ಕೊರತೆಯಿದ್ದ 250 ಮಕ್ಕಳಿಗೆ ಒಂಬತ್ತು ತಿಂಗಳು ದಿನಕ್ಕೆ 1,000 ಯೂನಿಟ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದರು. ಉಬ್ಬಸದ ಹತೋಟಿಯಲ್ಲಿ ಫರಕಿಲ್ಲ.

ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗುವ ಕೊಕ್ರೇನ್ ಸಮೀಕ್ಷೆಯೇ ತನ್ನ ತೀರ್ಪು ಬದಲಿಸಿತು. 2016ರಲ್ಲಿ ಒಂಬತ್ತು ಪ್ರಯೋಗಗಳನ್ನು ನೋಡಿ, ಸ್ಟೀರಾಯ್ಡ್ ಮಾತ್ರೆ ನುಂಗಬೇಕಾಗುವಷ್ಟು ಜೋರಾದ ದಾಳಿಗಳು ಕಡಿಮೆಯಾಗುತ್ತವೆ ಎಂದಿತ್ತು. 2023ರಲ್ಲಿ ಇಪ್ಪತ್ತು ಪ್ರಯೋಗಗಳು, ಸುಮಾರು 2,200 ಜನರ ಮಾಹಿತಿ ಸೇರಿದಾಗ ಆ ಲಾಭ ಕಾಣಲಿಲ್ಲ.

ಹೀಗಿರುವಾಗ, ವಾರಕ್ಕೊಂದು 60,000 ಯೂನಿಟ್ಟಿನ ಸ್ಯಾಷೆಯನ್ನು ಹಾಲಿಗೆ ಬೆರೆಸಿ ಕುಡಿಸಿ, ‘ಪಂಪು ಅಭ್ಯಾಸವಾಗಿಬಿಡುತ್ತದೆ’ ಎಂದು ಇನ್ಹೇಲರನ್ನು ಬೀರುವಿನಲ್ಲಿಡುವ ಮನೆಗಳನ್ನು ಕಂಡರೆ ನನಗೆ ಭಯವಾಗುತ್ತದೆ. ಕೊರತೆಯಿದ್ದರೆ ಮೂಳೆಯ ಸಲುವಾಗಿ ವಿಟಮಿನ್ ಕೊಡಲಿ, ಅಳತೆಯನ್ನು ವೈದ್ಯರು ಹೇಳಲಿ; ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಶ್ವಾಸನಾಳದ ಉರಿಯೂತ ತಗ್ಗಿಸುವ ಕೆಲಸ ಇನ್ಹೇಲರಿನದು.

ಪ್ರಶ್ನೆ ಪೂರ್ತಿ ಮುಚ್ಚಿಲ್ಲ. ಈ ಪ್ರಯೋಗಗಳಲ್ಲಿ ತೀವ್ರ ಕೊರತೆಯಿದ್ದವರು ತೀರ ಕಡಿಮೆ. ಬಾಸ್ಟನ್ ತಂಡದ ಗರ್ಭಿಣಿಯರಲ್ಲಿ ಕಡಿಮೆ ಪ್ರಮಾಣದ ಗುಂಪಿಗೂ ದಿನಕ್ಕೆ 400 ಯೂನಿಟ್ ಸಿಗುತ್ತಿತ್ತು. ಅವರ ಫಲಿತಾಂಶವನ್ನು ಮೂರರಲ್ಲಿ ಇಬ್ಬರಿಗೆ ಕೊರತೆಯಿದ್ದ ಮೈಸೂರಿನ ತಾಯಂದಿರಿಗೆ ಹಾಗೆಯೇ ಹೊಂದಿಸಲಾಗದು.