ದತ್ತುಮಗ ಮತ್ತು ಸಾಕುಮಗ

ದತ್ತುಮಗ, ಸಾಕುಮಗ ಎಂಬ ಎರಡು ಮಾತುಗಳೂ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಮೊದಲನೆಯವನ ವಿಚಾರವಾಗಿ ನಮ್ಮ ಧರ್ಮಶಾಸ್ತ್ರಕಾರರೂ ಬ್ರಿಟಿಷ್ ನ್ಯಾಯಾಧೀಶರೂ ಬರೆದುದಕ್ಕೆ ಮಿತಿಯಿಲ್ಲ. ಎರಡನೆಯವನಾದರೋ ಹಳ್ಳಿಹಳ್ಳಿಯ ಮನೆಗಳಲ್ಲಿ ಬೆಳೆದು ದೊಡ್ಡವನಾದರೂ ಶಾಸನಗ್ರಂಥಗಳ ಪುಟಗಳನ್ನು ಪ್ರವೇಶಿಸಲು ಬಹಳ ಕಾಲ ಕಾಯಬೇಕಾಯಿತು. ಈ ವಿಳಂಬಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದುದು.

ಕಾವ್ಯಲೋಕವು ಸಾಕುಮಗನನ್ನು ಮರೆಯಲಿಲ್ಲ. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಪಕ್ಷಕ್ಕೆ ಕರೆದಾಗ, ಕರ್ಣನು ಮುಂದಿಡುವ ವಾದ ರಕ್ತಸಂಬಂಧದ್ದಲ್ಲ. ತನ್ನನ್ನು ಕಂಡೊಡನೆ ರಾಧೆಯ ಎದೆಯಲ್ಲಿ ಹಾಲು ಒಸರಿದುದನ್ನೂ ಅಧಿರಥನು ತನಗೆ ಜಾತಕರ್ಮಾದಿಗಳನ್ನು ಮಾಡಿಸಿದುದನ್ನೂ ನೆನೆದು, ಆ ದಂಪತಿಗಳನ್ನು ತೊರೆಯಲಾರೆನೆನ್ನುತ್ತಾನೆ. ಕ್ರಿ. ಶ. 941ರ ಸುಮಾರಿಗೆ ಪಂಪನು ತನ್ನ ಭಾರತದಲ್ಲಿ ಕರ್ಣನಿಗೆ ಕೊಟ್ಟ ಸ್ಥಾನವು ಕನ್ನಡಿಗರಿಗೆ ತಿಳಿದೇ ಇದೆ.

ಶಾಸ್ತ್ರದ ದೃಷ್ಟಿ ಬೇರೆ. ಸ್ಮೃತಿಗಳು ಹೇಳುವ ಹನ್ನೆರಡು ಬಗೆಯ ಪುತ್ರರಲ್ಲಿ 'ಅಪವಿದ್ಧ'ನೆಂಬವನೊಬ್ಬನಿದ್ದಾನೆ. ತಂದೆತಾಯಿಗಳು ತ್ಯಜಿಸಿದ, ಮತ್ತೊಬ್ಬರು ಎತ್ತಿಕೊಂಡು ಮಗನೆಂದು ಸ್ವೀಕರಿಸಿದ ಶಿಶು ಅವನು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯೆಯನ್ನು ರಚಿಸಿದ ವಿಜ್ಞಾನೇಶ್ವರನೂ ಈ ಪುತ್ರಭೇದಗಳನ್ನು ವಿವರಿಸಿದ್ದಾನೆ. ಆದರೆ ಕಲಿಯುಗದಲ್ಲಿ ಔರಸ ಮತ್ತು ದತ್ತಕರಿಬ್ಬರೇ ಗ್ರಾಹ್ಯರೆಂಬ ಮತವು ಕಾಲಕ್ರಮದಲ್ಲಿ ಪ್ರಬಲವಾಗಿ, ಅಪವಿದ್ಧನು ಹಿಂದೆ ಸರಿದನು. ಉಳಿದ ದತ್ತಕವಿಧಿಯ ಗುರಿ ಪಿಂಡಪ್ರದಾನವೂ ವಂಶದ ಮುಂದುವರಿಕೆಯೂ ಆಗಿತ್ತು. ಮಗುವಿಗೆ ಮನೆ ಬೇಕೆಂಬುದಲ್ಲ, ಮನೆಗೆ ಮಗ ಬೇಕೆಂಬುದೇ ಅಲ್ಲಿಯ ಮೂಲ ಪ್ರಶ್ನೆ.

ಇದರ ಪರಿಣಾಮಗಳು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ಹೆಣ್ಣುಮಗುವನ್ನು ದತ್ತು ಪಡೆಯುವುದಕ್ಕೆ ಸಾಮಾನ್ಯವಾಗಿ ಮಾನ್ಯತೆಯಿರಲಿಲ್ಲ. ಮುಂಬಯಿ ಸಂಪ್ರದಾಯದಲ್ಲಿ ಮದುವೆಯಾಗಿ ಮಕ್ಕಳನ್ನು ಪಡೆದ ಪ್ರೌಢನನ್ನೂ ದತ್ತಕನನ್ನಾಗಿ ಸ್ವೀಕರಿಸಬಹುದಿತ್ತು. ಅನಾಥ ಬಾಲಕನನ್ನು ಮಾತ್ರ ಸ್ವೀಕರಿಸುವಂತಿರಲಿಲ್ಲ! ಕೊಡುವ ಅಧಿಕಾರವು ಹೆತ್ತ ತಂದೆತಾಯಿಗಳಿಗಷ್ಟೇ ಇದ್ದುದರಿಂದ, ಅವರಿಬ್ಬರೂ ಇಲ್ಲದವನನ್ನು ಕೊಡುವವರೇ ಇರಲಿಲ್ಲ. ಯಾರಿಗೆ ಮನೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿತ್ತೋ ಅವನಿಗೇ ಬಾಗಿಲು ಮುಚ್ಚಿತ್ತು. ಕನ್ನಡನಾಡು ಹಂಚಿಹೋಗಿದ್ದುದರಿಂದ ಇನ್ನೊಂದು ತೊಡಕೂ ಇದ್ದಿತು. ಧಾರವಾಡದ ವಿಧವೆಯು ಪತಿಯ ಅನುಮತಿಯಿಲ್ಲದೆಯೂ ದತ್ತು ಪಡೆಯಬಹುದಾಗಿದ್ದರೆ, ಮದರಾಸಿಗೆ ಸೇರಿದ ಬಳ್ಳಾರಿಯಲ್ಲಿ ಪತಿಯ ಅನುಮತಿಯೋ ಸಪಿಂಡರ ಒಪ್ಪಿಗೆಯೋ ಅವಶ್ಯವಾಗಿತ್ತು.

ಅರಸುಮನೆತನಗಳಲ್ಲಿ ದತ್ತಕವು ರಾಜ್ಯದ ಅಳಿವುಉಳಿವಿನ ಪ್ರಶ್ನೆಯಾಯಿತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರಕಾರವು ಮನ್ನಿಸದೆ ಹೋದುದೂ ಆ ಅಕ್ಟೋಬರಿನಲ್ಲಿ ಥ್ಯಾಕರೆ ಮಡಿದುದೂ ಸುಪ್ರಸಿದ್ಧ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಸ್ವೀಕರಿಸಿದ ದತ್ತಕವು ಮಾನ್ಯವಾದುದರಿಂದಲೇ 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿತು. ಇವೆರಡರ ನಡುವೆ, 1876-78ರ ಮಹಾಕ್ಷಾಮದಲ್ಲಿ, ಮೈಸೂರು ಸೀಮೆಯ ಎಷ್ಟೋ ಮಕ್ಕಳು ಹೆತ್ತವರನ್ನು ಕಳೆದುಕೊಂಡರು. 1871ರಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು. ಒಬ್ಬ ರಾಜಕುಮಾರನ ದತ್ತಕಕ್ಕಾಗಿ ಲಂಡನ್ನಿನವರೆಗೆ ಪತ್ರವ್ಯವಹಾರ ನಡೆದ ಕಾಲದಲ್ಲಿ, ಈ ಮಕ್ಕಳಿಗೆ ದೊರೆತುದು ನೆಂಟರ ಕರುಣೆ, ಇಲ್ಲವೆ ಅನಾಥಾಲಯ.

1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮವು ಪರರ ಮಗುವನ್ನು ನ್ಯಾಯಾಲಯದ ಮೂಲಕ ವಹಿಸಿಕೊಳ್ಳುವುದಕ್ಕೆ ಹಾದಿ ಮಾಡಿಕೊಟ್ಟಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಹೆಣ್ಣುಮಗುವಿನ ದತ್ತಕವನ್ನು ಮಾನ್ಯಮಾಡಿತು. 1962ರ ತಿದ್ದುಪಡಿಯಿಂದ, ತ್ಯಜಿಸಲ್ಪಟ್ಟ ಮತ್ತು ಹೆತ್ತವರಾರೆಂದು ತಿಳಿಯದ ಮಕ್ಕಳನ್ನು ಪೋಷಕನು ನ್ಯಾಯಾಲಯದ ಅನುಮತಿಯಿಂದ ದತ್ತು ಕೊಡುವುದು ಸಾಧ್ಯವಾಯಿತು. ಅಪವಿದ್ಧನು ಹೀಗೆ ಹಿಂಬಾಗಿಲಿನಿಂದ ಮರಳಿದನೆನ್ನಬಹುದು.

ಇಷ್ಟಾದರೂ ಸಾಕುತನಕ್ಕೆ, ಅಂದರೆ ಹೆತ್ತವರ ಸಂಬಂಧವನ್ನು ಕಡಿಯದೆ ಮಗುವನ್ನು ಬೇರೊಂದು ಮನೆಯಲ್ಲಿ ಬೆಳೆಸುವ ಪದ್ಧತಿಗೆ, ದೇಶವ್ಯಾಪ್ತಿಯ ಶಾಸನದಲ್ಲಿ ಪ್ರತ್ಯೇಕ ಸ್ಥಾನ ದೊರೆತುದು 2000ದ ಬಾಲನ್ಯಾಯ ಅಧಿನಿಯಮದಲ್ಲಿ. 2015ರ ಅಧಿನಿಯಮದ 44ನೆಯ ಕಲಮು ಅದನ್ನು ವಿಸ್ತರಿಸಿತು. ಅದರಂತೆ ಮಕ್ಕಳ ಕಲ್ಯಾಣ ಸಮಿತಿಯು ಕುಟುಂಬದ ಸಾಮರ್ಥ್ಯ, ಉದ್ದೇಶ, ಹಿಂದಿನ ಅನುಭವಗಳನ್ನು ಪರಿಶೀಲಿಸಿ ಮಗುವನ್ನು ಒಪ್ಪಿಸುತ್ತದೆ. ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಅಗಲಿಸಬಾರದು. ಪ್ರತಿ ತಿಂಗಳೂ ಕುಟುಂಬದ ತಪಾಸಣೆ ನಡೆಯಬೇಕು. ಮಗುವಿನ ಹಿತಕ್ಕೆ ವಿರೋಧವಿಲ್ಲದಿದ್ದರೆ ಹೆತ್ತವರು ಬಂದು ನೋಡಬಹುದು. ಅವರ ಸ್ಥಿತಿ ಸುಧಾರಿಸಿದರೆ ಮಗು ಅವರ ಮನೆಗೆ ಹಿಂದಿರುಗಲೂಬಹುದು. ಸಾಕುವವರಿಗೆ ಅತ್ಯಂತ ಕಠಿಣವಾದ ನಿಬಂಧನೆಯಿದು. ವಾತ್ಸಲ್ಯವನ್ನು ಪೂರ್ತಿಯಾಗಿ ಕೊಡಬೇಕು, ಹಕ್ಕನ್ನು ಮಾತ್ರ ಕೇಳಕೂಡದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವೊಂದಕ್ಕೆ ಮಾಸಿಕ 4,000 ರೂಪಾಯಿಗಳ ನೆರವು ಗೊತ್ತಾಗಿದೆ.

2024ರ ಮಾದರಿ ಮಾರ್ಗಸೂಚಿಯು ದಂಪತಿಗಳಿಗೇ ಅಲ್ಲದೆ 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳಿಗೂ ಈ ಅವಕಾಶವನ್ನು ತೆರೆಯಿತು. ಒಂಟಿ ಪುರುಷನು ಗಂಡುಮಗುವನ್ನು ಮಾತ್ರ ಸಾಕಬಹುದು. ಮಗುವನ್ನು ದತ್ತು ಪಡೆಯುವುದಕ್ಕೆ ಹಿಂದೆ ಐದು ವರ್ಷ ಸಾಕಿರಬೇಕಾಗಿತ್ತು. ಈಗ, ಆ ಮಗುವು ಶಾಸನದ ಪ್ರಕಾರ ದತ್ತಕಕ್ಕೆ ಮುಕ್ತವಾಗಿದ್ದರೆ, ಎರಡು ವರ್ಷ ಸಾಕಿದವರು ಅರ್ಜಿ ಹಾಕಿಕೊಳ್ಳಬಹುದು. ಮೊದಲು ಸಾಕುಮಗ, ಅನಂತರ ದತ್ತುಮಗ.