ಪದ ಪರಿಚಯ: ಡೀಬಗ್
1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಗಣಕದ ರಿಲೇಯಲ್ಲಿ ಪತಂಗವೊಂದು ಸಿಕ್ಕಿದ್ದರಿಂದ ‘ಡೀಬಗ್’ (ದೋಷ ಹುಡುಕಿ ಸರಿಪಡಿಸು) ಎಂಬ ಪದ ಹುಟ್ಟಿತೆಂಬ ಕಥೆ ನಿಲ್ಲುವುದಿಲ್ಲ. ಥಾಮಸ್ ಎಡಿಸನ್ 1878ರ ಪತ್ರದಲ್ಲೇ ಯಂತ್ರದ ಸಣ್ಣಪುಟ್ಟ ದೋಷಗಳನ್ನು ‘ಬಗ್’ ಎಂದಿದ್ದರು. ವಿಮಾನಗಳ ಸಂದರ್ಭದಲ್ಲಿ ‘ಡೀಬಗಿಂಗ್’ 1945ರಲ್ಲೇ ಅಚ್ಚಾಗಿತ್ತು. ಪತಂಗ ಅಂಟಿಸಿದ ದಾಖಲೆಯ ಪುಟ ಇಂದಿಗೂ ಉಳಿದಿದೆಯಲ್ಲ ಎನ್ನಬಹುದು. ಉಳಿದಿದೆ ನಿಜ; ಆದರೆ ನಿಜವಾದ ‘ಬಗ್’ (ಹುಳು) ಸಿಕ್ಕ ಮೊದಲ ಪ್ರಕರಣವಿದು ಎಂದು ಅದರಲ್ಲಿ ಬರೆದವರಿಗೆ ಆ ಪದ ಮೊದಲೇ ಗೊತ್ತಿದ್ದಿರಲೇಬೇಕು. ಪತಂಗದ ಕಥೆ ಇನ್ನೊಂದು ತಪ್ಪು ತಿಳಿವನ್ನೂ ಬೆಳೆಸುತ್ತದೆ: ದೋಷ ಎಲ್ಲಿಂದಲೋ ಹಾರಿಬಂದು ಕೂತದ್ದು ಎಂದು. ಆದರೆ ಅದನ್ನು ಬರೆಯುವವರು ನಾವೇ. ಮೊಬೈಲ್ ಆ್ಯಪ್‌ನಲ್ಲಿ ಒಮ್ಮೆ ಒತ್ತಿದ ಬಟನ್ ಎರಡು ಸಲ ಹಣ ಕಳಿಸಿತೆಂದರೆ, ಹಳೆಯ ಈವೆಂಟ್ ಹ್ಯಾಂಡ್ಲರ್ (ಬಟನ್ ಒತ್ತಿದಾಗ ಓಡುವ ಕೋಡ್) ತೆಗೆಯದೆ ಪರದೆ ತೆರೆದಾಗಲೆಲ್ಲ ಹೊಸದನ್ನು ಸೇರಿಸುವ ಸಾಲನ್ನು ಯಾರೋ ಬರೆದಿರಬಹುದು. ಸೇರಿಸುವಲ್ಲಿ ಒಂದು, ಹ್ಯಾಂಡ್ಲರ್ ಒಳಗೆ ಒಂದು ಲಾಗ್ ಸಾಲು ಹಾಕಿ ಎಣಿಸಿದರೆ ಅದು ಬಯಲಾಗುತ್ತದೆ.